ಮೊದಲ ಸಾಲಿನ ಬಂಗಡೆ

ಒಂಬತ್ತಕ್ಕೆ, ವಾಸ್ಕೋದ ಬಂದರು ಆಫೀಸಿನಲ್ಲಿ,
ಆಕ್ಸೆಸ್ ತೆರೆದರೆ ಅದೇ ಹೇಳಿತು: ನಿಮಗೆ ಆಕ್ಸೆಸ್ ಇಲ್ಲ.
ನಗು ಬಂತು. ಆಮೇಲೆ ಬರಲಿಲ್ಲ.

ಕಂಪನಿ ಕೈ ಬದಲಾಗಿ ಎರಡು ವಾರ.
ಸುಗಂಧಿ ಗುನಗಿ ಹೋಗಿ ನಾನೀಗ 20417.

ಈ ಬಾಗಿಲು ಮಾಡಿದವಳೇ ನಾನು:
ಬಾರ್ಜುಗಳಿಗೊಂದು ಟೇಬಲ್, ಅದಿರಿಗೊಂದು,
ಗೇಟ್ ಪಾಸಿಗೆ ಫಾರ್ಮು, ಅದಕ್ಕೊಂದು ಹಸಿರು ಗುಂಡಿ.
ಹಸಿರು ಯಾಕೆಂದು ಈವರೆಗೆ ಯಾರೂ ಕೇಳಿಲ್ಲ.

ಪಣಜಿಯಿಂದ ಲಾಯ್ಡ್, ಫೋನಿನಲ್ಲಿ:
ಮುಚ್ಚಿ ತೆರೆಯಿರಿ. ಮುಚ್ಚಿ ತೆರೆದೆ.
ಬೇರೆ ಮಶೀನಿನಲ್ಲಿ ನೋಡಿ. ನೋಡಿದೆ.
ಪಕ್ಕದಲ್ಲಿ ಬೀಗದ ಚಿತ್ರದ ಸಣ್ಣ ಫೈಲು ಇದೆಯೇ?
ಇಲ್ಲ. ಒಳಗೆ ಯಾರೂ ಇಲ್ಲ,
ಯಾರೂ ಚಿಲಕ ಹಾಕಿಕೊಂಡು ಕೂತಿಲ್ಲ.
"ಹಾಗಾದರೆ ಫೈಲಿನ ಒಡೆಯರ ಒಪ್ಪಿಗೆ ಬೇಕು ಮೇಡಂ.
ಇಲ್ಲಿ ಯಾರೋ ಎಸ್. ಗುನಗಿ ಅಂತಿದೆ. ಸಿಗ್ತಾರಾ?"

ಸಿಗುತ್ತಾಳೆ, ಅಂದೆ. ಊಟಕ್ಕೆ ಹೋಗಿದ್ದಾಳೆ.

ಜೆಟ್ಟಿಯಲ್ಲಿ ಮೂರು ಬಾರ್ಜು ಪಾಸಿಗೆ ಕಾದು ತೂಗಾಡುತ್ತಿದ್ದವು.
ತಾಂಡೇಲ ಬುಧಾಜಿ ಎರಡು ಸಲ ಬಂದು ಇಣುಕಿ,
ಕೈಯಲ್ಲೇ ಬರೆದುಕೊಡು ತಂಗಿ, ಎಂದ.
ಕೈಬರಹ ಗೇಟಿನಲ್ಲಿ ನಡೆಯುವುದಿಲ್ಲ ಈಗ, ಬುಧಾಜಿ.

ನಾಲ್ಕೂವರೆಗೆ ಕೂತು
20417ಕ್ಕೆ ಒಳಗೆ ಬರಲು ನನ್ನ ಅಡ್ಡಿಯಿಲ್ಲ ಎಂದು ಬರೆದು
ಹಳೆಯ ಹೆಸರಿನಲ್ಲಿ ಸಹಿ ಹಾಕಿ ಕಳಿಸಿದೆ.
ಲಾಯ್ಡ್ ಅಲ್ಲಿ ಏನೋ ಒತ್ತಿದ.
ತೆರೆಯಿತು.

ಮೊದಲ ಸಾಲು, ಹದಿನಾರು ವರ್ಷದಿಂದ ಯಾರೂ ಅಳಿಸದ
ನನ್ನ ಪರೀಕ್ಷೆಯ ಸಾಲು:
ಬಾರ್ಜಿನ ಹೆಸರು, ಬಂಗಡೆ. ಸರಕು, ಒಂದು ಡಜನ್.
ದರ ನಲವತ್ತು. ತಲುಪಬೇಕಾದ ಜಾಗ, ಮನೆ.

ಅಂದು ಮೀನು ಅಗ್ಗವಿತ್ತು.
ಹಸಿರು ಗುಂಡಿ ಒತ್ತಿದೆ.
ಪ್ರಿಂಟರು ಕಾಗದ ಕಚ್ಚಿಕೊಂಡು ನಿಂತಿತು.