ಗುಂಡಿಯ ಅಳತೆ

ಮೊದಲು ಕಂಡದ್ದು ಬಿಳಿ ಲೈನಿಂಗ್ ಬಟ್ಟೆಯ ಮೇಲೆ,
ಕತ್ತರಿಸಲು ಹಾಸಿದ್ದ ಎರಡು ಮೀಟರಿನ ಅಂಚಿಗೆ
ರೂಪಾಯಿಯಗಲ ಕೆಂಪು.
ನನ್ನ ಬೆರಳು ನೋಡಿಕೊಂಡೆ. ಸೂಜಿ ಚುಚ್ಚಿರಲಿಲ್ಲ.
ಗುಂಡಿ ಮೆಷಿನ್ನಿನ ಪೆಡಲಿನಡಿ ಮುದುಡಿ
ಬಾಲದ ಬುಡ ನೆಕ್ಕಿಕೊಳ್ಳುತ್ತಿದ್ದಳು,
ಯಾರೋ ವಹಿಸಿದ ಕೆಲಸ ಮುಗಿಸುವವಳ ಹಾಗೆ.

ಮರಿಯಾಗಿದ್ದಾಗ ಪೊಲೀಸ್ ಅಂಗಿಯ ಹಿತ್ತಾಳೆ ಗುಂಡಿ ನುಂಗಿ
ಮೂರು ದಿನ ನನ್ನಿಂದ ತಿಪ್ಪೆ ಕೆದಕಿಸಿದ್ದಕ್ಕೆ
ಆ ಹೆಸರು. ಈಗ ಎಂಟು ತಿಂಗಳು.

ಗಾಜು ತುಳಿದಳೇನೋ ಎಂದು ನಾಲ್ಕೂ ಪಾದ ಬಿಡಿಸಿ ನೋಡಿದೆ.
ಸೈಕಲ್ ಬುಟ್ಟಿಯಲ್ಲಿ ಕೂರಿಸಿ ದನದ ಆಸ್ಪತ್ರೆಗೆ ಒಯ್ದೆ.
ಕಾಂಪೌಂಡರ್ ಓಬುಳೇಸು ಬಾಲ ಎತ್ತಿ, ಬಿಟ್ಟು,
ಕೈ ತೊಳೆಯುತ್ತ ಅಂದ: “ಎದಕೊಚ್ಚಿಂದಿ.”

ಆದೋನಿಯಲ್ಲಿ ಹುಟ್ಟಿದವನಿಗೆ ತೆಲುಗು ಬಾರದೇನು,
ಆದರೆ ಭಯದ ಕಿವಿ ಕನ್ನಡದ್ದು.
ಎದೆಗೆ ಬಂದಿದೆ ಎಂದು ಕೇಳಿಸಿತು.
ಏನು ಬಂತು ಎದೆಗೆ? ಕಫವೋ, ನೀರೋ?
ಅಲ್ಲೇ ಅವಳ ಪಕ್ಕೆಗೆ ಕಿವಿಯಿಟ್ಟೆ.
ಒಳಗೆ ಹೊಲಿಗೆ ಚೆನ್ನಾಗಿಯೇ ಓಡುತ್ತಿತ್ತು.
ಓಬುಳೇಸು ನಕ್ಕು ನಮ್ಮ ಮಾತಿಗೆ ಬಂದ:
“ಬೆದೆ, ಪಂಪಣ್ಣ. ಬೆದೆಗೆ ಬಂದೈತೆ, ಮೊದಲ್ನೇದು.
ಮೂರು ವಾರ ಹೊರಗ ಬಿಡಬ್ಯಾಡ.
ಈ ಸಲ ಮರಿ ಬ್ಯಾಡ, ಅದೇ ಇನ್ನಾ ಮರಿ.
ರಕ್ತ ತೆಳ್ಳಗಾದ ಮ್ಯಾಲೇ ಜ್ವಾಕಿ.”

ಕಾಜಾ ಹೆಣೆಯಲು ಬರುವ ಖಾಸಿಂಬಿ ಹೊಟ್ಟೆ ಹಿಡಿದು ನಕ್ಕಳು:
“ಇಪ್ಪತ್ತೆಂಟು ವರ್ಷ ಊರ ಹೆಂಗಸರ ಅಳತೆ ತಗಂಡೀಯ,
ಇಷ್ಟು ಗೊತ್ತಿಲ್ಲೇನು?”
ಚಡ್ಡಿಯೊಂದು ಹೊಲಿ ಎಂದಳು.
ಟೇಪು ಹಿಡಿದೆ. ಸೊಂಟ ಹದಿನೇಳು.
ಬಾಲಕ್ಕೊಂದು ಕಾಜಾ, ಇಂಚೂವರೆ.
ಒಳಗಿಡಲು ಪಾಲಿಯೆಸ್ಟರ್ ತುಂಡು ಎತ್ತಿದರೆ
ಕೈಯಿಂದ ಕಿತ್ತುಕೊಂಡಳು. ಚಿಂದಿ ಚೀಲದೊಳಗೆ ಕೈಬಿಟ್ಟು
ಹಳೆ ಮಲ್ಲು, ಪಾಪ್ಲಿನ್ನು, ಒಂದೊಂದೇ
ಬೆರಳಲ್ಲಿ ಉಜ್ಜಿ ಆರಿಸಿದಳು,
ನೋಡದೆಯೇ, ನನ್ನೊಡನೆ ಮಾತಾಡುತ್ತಲೇ.

ಆ ಬೆರಳು ಕಂಡು ನಾನು ಸುಮ್ಮನಾದೆ.
ಮೆಟ್ಟಿಲಿಗೆ ಬರುತ್ತಿದ್ದ ಹುಡುಗಿಯರು.
“ಕೌದಿಗೆ ಚಿಂದಿ ಕೊಡ್ರಿ ಮಾಮಾ.”
ಬಣ್ಣದ್ದು ಬಿಟ್ಟು ಬರೀ ಮೆತ್ತಗಿನ ಕಾಟನ್ನು ಹೆಕ್ಕಿದರೆ
ಬಯ್ಯುತ್ತಿದ್ದೆ: ಆರಿಸಬ್ಯಾಡ್ರೇ, ಬಂದಂಗ ತಗೊಳ್ರಿ.
ಎಷ್ಟು ಕೌದಿ ಹೊದೆಯುತ್ತದಪ್ಪ ಈ ಬಿಸಿಲೂರು
ಎಂದುಕೊಳ್ಳುತ್ತಿದ್ದೆ.
ಒಬ್ಬಳೂ ತಲೆಯೆತ್ತಿರಲಿಲ್ಲ.
ನನ್ನ ತಂಗಿ ಸುಂಕಮ್ಮ
ದೀಪ ಆರಿಸಿದ ಮೇಲೆ ಬರುತ್ತಿದ್ದಳು.

ಗಂಡುಗಳು ಬಂದವು. ಸ್ಟೇಷನ್ನಿನ ಕಡೆಯವು ಮೂರು,
ಸಂತೆಯದೊಂದು, ಜಿನ್ನಿಂಗ್ ಮಿಲ್ಲಿನ ಕುಂಟ
ಮೈತುಂಬ ಅರಳೆ ಅಂಟಿಸಿಕೊಂಡು, ಮದುವಣಿಗನಂತೆ.
ಗಿರಾಕಿಗಳು ದೂರ ನಿಂತೇ ಸಣ್ಣಗೆ ನಕ್ಕು ಹೋದರು.
ರಾತ್ರಿಯೆಲ್ಲ ಶಟರಿನ ಮೇಲೆ ಉಗುರು.

ಹನ್ನೆರಡನೆಯ ಬೆಳಿಗ್ಗೆ ಬಟ್ಟೆಯ ಮೇಲೆ ಬರೀ ಗಂಜಿಯ ಬಣ್ಣ.
ಮುಗಿಯಿತೆಂದು ಚಡ್ಡಿ ಬಿಚ್ಚಿ, ಓಬುಳೇಸು ಹೇಳಿದ್ದು ಮರೆತು,
ಶಟರ್ ಮೊಣಕಾಲೆತ್ತರ ಎತ್ತಿದೆನೋ ಇಲ್ಲವೋ
ನುಸುಳಿ ಕುಂಟನ ಮುಂದೆ ನಿಂತಳು,
ಬಾಲ ಒಂದು ಬದಿಗೆ, ಮೈ ಅಲುಗದೆ,
ಅಳತೆಗೆ ನಿಂತವರು ಹಾಗೆ ನಿಲ್ಲುತ್ತಾರೆ.
ಗಜಕಡ್ಡಿ ಬೀಸಿ ನಡುವೆ ನುಗ್ಗಿದೆ.
ಬಾಚಿ ಎತ್ತಿಕೊಂಡಾಗ, ಸಾಕಿದ ಎಂಟು ತಿಂಗಳಲ್ಲಿ ಮೊದಲ ಸಲ,
ನನಗೆ ಹಲ್ಲು ತೋರಿಸಿದಳು.
ಕಚ್ಚಲಿಲ್ಲ. ತೋರಿಸಿದಳು.
ಖಾಸಿಂಬಿಗೂ ಇದನ್ನು ಹೇಳಿಲ್ಲ.

ಅಳತೆ ಪುಸ್ತಕದಲ್ಲಿ ಟೀಚರಮ್ಮನ ರವಿಕೆಯ ಕೆಳಗೆ
ಬರೆದಿದ್ದೇನೆ: ಗುಂಡಿ. ಸೊಂಟ ೧೭. ಬಾಲ ೧½.
ಎದೆ ಎಂಬ ಕಡೆ ಪೆನ್ಸಿಲ್ ನಿಂತಿತು.
ಕಿವಿಯಿಟ್ಟಿದ್ದೆ, ಟೇಪು ಇಟ್ಟಿರಲಿಲ್ಲ.

ಚಿಂದಿ ಚೀಲ ಈಗ ಎರಡು ಮಾಡಿದ್ದೇನೆ.
ಕಾಟನ್ನಿನದು ಬಾಗಿಲಾಚೆ, ಮೊಳೆಗೆ.
ಈಗ ಯಾರಿಗೂ ಬೇಡವಂತೆ,
ಮೆಡಿಕಲ್ ಶಾಪಿನವರು ಪೇಪರಲ್ಲಿ ಸುತ್ತಿ ಕೊಡುತ್ತಾರಂತೆ.
ಇರಲಿ. ನಾನು ಬಗ್ಗಿ ಹೊಲಿಯುತ್ತಿರುತ್ತೇನೆ.
ಕೆಲವು ಸಂಜೆ ಚೀಲ ಚೂರು ಹಗುರಾಗಿರುತ್ತದೆ,
ಗುಂಡಿ ಎಳೆದಳೋ, ಗಾಳಿಯೋ.