ಎಂಟು ಗುಳಿ

ಅಲುವೋಚ್ ತಂದದ್ದು ಹಾರ್ಡ್‌ವೇರ್ ಅಂಗಡಿಯ
ಹಳೇ ಕ್ಯಾಲೆಂಡರಿನ ಬೆನ್ನು.
ಸ್ಕೇಲಿಲ್ಲದೆ ಎಳೆದ ಗೆರೆ,
ನಾಲ್ಕು ವರ್ಷ, ಎಂಟು ಸೆಮಿಸ್ಟರ್.
"ಅಜ್ಜನ ಅಜುವಾ ಮಣೆಯ ಹಾಗೇ ಇದೆ ಮೇಡಂ,
ಸಾಲಿಗೆ ಎಂಟು ಗುಳಿ" ಎಂದು ನಕ್ಕಳು.
ಉಗುರ ಸಂದಿಯಲ್ಲಿ ಒಮೇನ ಮೀನಿನ ಬೆಳ್ಳಿ ಹುರುಪೆ.
ಕಿಸುಮುವಿನ ಬಿಸಿಲು ಕಿಟಕಿಯ ಸರಳು ಎಣಿಸುತ್ತಿತ್ತು.

ಸಲಹೆಗಾರ್ತಿ ನಾನು; ನನ್ನ ಕೆಲಸ ಸುಲಭ:
ಇದಾದ ಮೇಲೆ ಅದು ಎನ್ನುವುದು.
ಮೊದಲ ಗುಳಿ ತಾನಾಗಿ ತುಂಬಿತು:
ಜೀವಕೋಶ, ಸಾಮಾನ್ಯ ರಸಾಯನ, ಗಣಿತ,
ಇಂಗ್ಲಿಷಿನಲ್ಲಿ ಅರ್ಜಿ ಬರೆಯುವ ಬಗೆ.
ಸಾವಯವ ರಸಾಯನ ದಾಟದೆ ಜೀವರಸಾಯನವಿಲ್ಲ,
ಅದನ್ನು ದಾಟದೆ ಅಣುಮಟ್ಟದ ತಳಿಶಾಸ್ತ್ರವಿಲ್ಲ,
ಸಂಖ್ಯಾಶಾಸ್ತ್ರ ಬರದವರು ಸರೋವರದ ಮೀನು ಎಣಿಸುವಂತಿಲ್ಲ.
"ನಮ್ಮತ್ತೆ ದಿನಾ ಎಣಿಸುತ್ತಾಳಲ್ಲ."
ಅದು ಬೇರೆ ಎಣಿಕೆ, ಅಂದೆ.
ಎಷ್ಟು ಬೇರೆ ಎಂದು ಕೇಳಲಿಲ್ಲ, ಪುಣ್ಯ.

ಒಂದು ಗುಳಿಯ ಕಾಳೆತ್ತಿದರೆ
ಮುಂದಿನ ಗುಳಿಗಳಿಗೆಲ್ಲ ಒಂದೊಂದು ಬೀಳಬೇಕು.
ಫಿಸಿಕ್ಸನ್ನು ಎರಡರಿಂದ ಎತ್ತಿದಳು:
ಬೆಳಗಿನ ಎಂಟಕ್ಕೆ ಲ್ಯಾಬ್,
ಡುಂಗಾ ದಡಕ್ಕೆ ದೋಣಿ ಬರುವ ಹೊತ್ತೂ ಅದೇ,
ಅತ್ತೆಗೆ ಬಕೆಟ್ಟು ಹಿಡಿಯಲು ಇನ್ನೊಬ್ಬರಿಲ್ಲ.
ಮೂರಕ್ಕಿಟ್ಟಳು, ಅಲ್ಲಿ ಸಸ್ಯಗಳ ಅಂಗರಚನೆ ಅಡ್ಡ.
ನಾಲ್ಕಕ್ಕಿಟ್ಟಳು, ಪ್ರಾಣಿಗಳ ಶರೀರಕ್ರಿಯೆಗೆ
ಫಿಸಿಕ್ಸ್ ಮೊದಲೇ ಆಗಿರಬೇಕು.
ರಬ್ಬರಿಗೆ ಕಾಗದ ಸವೆದು
ಹಿಂಬದಿಯ ಸಿಮೆಂಟಿನ ಜಾಹೀರಾತು ಇಣುಕತೊಡಗಿತು.

ಅವಳ ಕಣ್ಣಿದ್ದದ್ದು ಏಳನೆಯ ಗುಳಿಯ ಮೇಲೆ:
ಮೀನುಗಳ ವರ್ಗೀಕರಣ.
ಕಲಿಸುವವರು ಡಾಕ್ಟರ್ ಒಬುಯಾ.
ಬರುವ ಡಿಸೆಂಬರಿಗೆ ಅವರ ನಿವೃತ್ತಿ.
ಕೈಪಿಡಿಯಲ್ಲಿ ಈ ಮಾತಿಲ್ಲ,
ನಾನೇ ಹೇಳಬೇಕಾಯಿತು.

ಪೆನ್ಸಿಲ್ ಕೆಳಗಿಟ್ಟಳು.
"ದಡದಲ್ಲಿ ಸಣ್ಣ ಮೀನಿಗೆಲ್ಲ ಒಂದೇ ಹೆಸರು, ಫುಲು.
ಹೊಟ್ಟೆ ಕೆಂಪಾದರೂ ಫುಲು, ಮೈ ಪಟ್ಟೆಯಾದರೂ ಫುಲು.
ಒಂದು ಹೆಸರಿನೊಳಗೆ ನೂರಾರು ಮೀನು ಕೂತಿದ್ದವಂತೆ.
ದೊಡ್ಡ ಎಂಬುಟ ಬಂದು ನುಂಗಿದಾಗ
ಎಷ್ಟು ಹೋದವೆಂದು ಯಾರಿಗೂ ತಿಳಿಯಲಿಲ್ಲ ಮೇಡಂ,
ಹೆಸರು ಉಳಿದಿತ್ತಲ್ಲ."

ನಿಯಮ ಹುಡುಕಿದೆ. ಮೊದಲ ವರ್ಷದವರಿಗೆ ಅವಕಾಶವಿಲ್ಲ.
ಫೋನು ಮಾಡಿದೆ.
ಒಬುಯಾ ಕೆಮ್ಮಿದರು, ಪಾಠ ಆಗದು ಎಂದರು,
ಆಮೇಲೆ ಸ್ವಲ್ಪ ತಡೆದು:
ಉಗ್ರಾಣದಲ್ಲಿ ಮುನ್ನೂರು ಜಾಡಿ ಇವೆ,
ಫಾರ್ಮಲಿನ್ನಿಗೆ ಶಾಯಿ ಅಳಿಸಿ ಚೀಟಿಗಳೆಲ್ಲ ಮೂಕ.
ಯಾವುದು ಯಾವುದೆಂದು ನನಗೊಬ್ಬನಿಗೇ ನೆನಪು.
ಶನಿವಾರ ಬರಲಿ. ಅಕ್ಷರ ದುಂಡಗಿರಲಿ.
ಕ್ರೆಡಿಟ್ ಸಿಗದು, ಚಹಾ ಸಿಗುತ್ತದೆ.

"ಇದನ್ನೆಲ್ಲಿ ಬರೆಯಲಿ?"
ಎಂಟರಲ್ಲಿ ಯಾವುದಕ್ಕೂ ಸೇರದ್ದು.
ಅಂಚಿನಲ್ಲಿ, ಗೆರೆಯಾಚೆ ಬರೆದಳು,
ಅಷ್ಟು ಹೊತ್ತಿನಲ್ಲಿ ಮೊದಲ ಸಲ
ಪೆನ್ನು ತೆಗೆದು.

ನನ್ನ ಕಾಲದ ಹಾಳೆ ನೆನಪಾಯಿತು:
ಎಂಟೂ ಮನೆ ತುಂಬಿತ್ತು, ಅಂಚು ಬೆಳ್ಳಗಿತ್ತು.
ಹೊತ್ತುಹೊತ್ತಿಗೆ ಎಲ್ಲ ಪಾಸು ಮಾಡಿ
ಈ ಕುರ್ಚಿಗೆ ಬಂದೆ.
ದೂರಲ್ಲ ಇದು. ಕುರ್ಚಿ ಚೆನ್ನಾಗಿದೆ, ಫ್ಯಾನು ತಿರುಗುತ್ತದೆ.

ಮೂರು ವಾರ ಕಳೆದು ಬಂದಳು,
ಒಮೇನದ ವಾಸನೆಯ ಮೇಲೆ ಫಾರ್ಮಲಿನ್ನಿನ ಘಾಟು.
ನಲವತ್ತೊಂದು ಜಾಡಿ ಮುಗಿದಿವೆಯಂತೆ.
ಒಂದರಲ್ಲಿ ಒಬುಯಾ ಅವರೂ ಹೆಸರು ಮರೆತ ಮೀನು,
ಬೆರಳುದ್ದ, ಕಣ್ಣು ಬಿಳಿಚಿದೆ.
ಅತ್ತೆಗೆ ಚಿತ್ರ ಬಿಡಿಸಿ ತೋರಿಸಿದಳಂತೆ.
ಫುಲು, ಎಂದಳಂತೆ ಅತ್ತೆ;
ಮತ್ತೆ ದೀಪದ ಹತ್ತಿರ ಹಿಡಿದು,
"ಇದು ನನ್ನ ಮದುವೆಗೆ ಮೊದಲು ಬರುತ್ತಿತ್ತು."

ಚೀಟಿಯಲ್ಲಿ ಸದ್ಯಕ್ಕೆ ಅದನ್ನೇ ಬರೆದಿದ್ದಾಳೆ.

ಕ್ಯಾಲೆಂಡರ್ ಹಾಳೆ ಮತ್ತೆ ಮೇಜಿನ ಮೇಲೆ ಹಾಸಿದೆವು.
ಫಿಸಿಕ್ಸಿಗೆ ಮಾತ್ರ ಇನ್ನೂ ಜಾಗ ಸಿಕ್ಕಿಲ್ಲ.