ಸುಣ್ಣದ ಚುಕ್ಕಿ

ಷಡ್ಡಕ ಗುರುಪಾದಸ್ವಾಮಿ ಮುಂಬಯಿಯಲ್ಲಿ ಹಡಗು ಹತ್ತಿ
ಮೂರನೇ ಸಲ ಲಕ್ಷದ್ವೀಪ ನೋಡಿ ಬಂದಿದ್ದಾನೆ.
ಜೇಬಿನಿಂದ ಚಿನ್ನದ ಬಣ್ಣದ ಕಾರ್ಡು ತೆಗೆದು
ಉಪ್ಪಿಟ್ಟಿನ ತಟ್ಟೆಯ ಪಕ್ಕ ಇಟ್ಟ.
'ಇದಿದ್ದರೆ ಕ್ಯೂ ಇಲ್ಲ. ಟವಲನ್ನ ಹಂಸದ ಹಾಗೆ ಮಡಚಿ
ಹಾಸಿಗೆ ಮೇಲೆ ಕೂರಿಸಿರ್ತಾರೆ, ದಿಂಬಿಗೊಂದು ಚಾಕಲೇಟು.
ಕ್ಯಾಪ್ಟನ್ನೇ ಬಂದು ಕೈ ಕುಲುಕಿದ. ಹೆಸರು ಹಿಡಿದು ಕರೆದ.'
ಹೆಸರು ಅನ್ನುವಾಗ ಅವನ ಗಂಟಲು ಕೊಂಚ ಒದ್ದೆಯಾಯಿತು.
ನನ್ನ ಹೆಂಡತಿ ಕಾರ್ಡು ತಿರುವಿ
ಹಿಂದೆ ಏನಿದೆ ನೋಡಿದಳು.

ನಾನು ಪಿಗ್ಮಿ ಕಟ್ಟಿಸಿಕೊಳ್ಳುವವನು, ನರಸೀಪುರದ ಸೊಸೈಟಿಗೆ.
ದಿನಾ ಮಧ್ಯಾಹ್ನ ಹೊಳೆ ದಾಟಿ ಮಾವಿನಹುಂಡಿ:
ಸೈಕಲ್ ಶಾಪು, ಹಿಟ್ಟಿನ ಗಿರಣಿ, ಎರಡು ಟೀ ಅಂಗಡಿ,
ಬಳೆ ಮಾರುವ ತಾಯಮ್ಮಣ್ಣಿ.
ಸೇತುವೆ ಸುತ್ತಿದರೆ ಹನ್ನೊಂದು ಕಿಲೋಮೀಟರು.
ಸಿಂಗ್ರಯ್ಯನ ಹರಿಗೋಲಿಗೆ ಹತ್ತು ರೂಪಾಯಿ.

ಅವನು ನನ್ನ ಹೆಸರು ಕೇಳಿದವನೇ ಅಲ್ಲ.
'ಬ್ಯಾಗ್ನೋರು ಬಂದ್ರು, ತಡೀರ್ಲಾ' ಅಂತ
ತುಂಬಿದ ಹರಿಗೋಲನ್ನೂ ನಿಲ್ಲಿಸಿಕೊಂಡಿರುತ್ತಾನೆ.
ನಾಲ್ಕು ಮಡಿಕೆಯ ಒಣ ಗೋಣಿತಾಟು ನನ್ನ ಜಾಗದಲ್ಲಿ.
ಯಾರು ಹಾಸಿದರು, ದಿನಾ ಯಾಕೆ ಒಣಗಿರುತ್ತದೆ
ಅಂತ ನಾಲ್ಕು ವರ್ಷ ನನಗೂ ಕೇಳಬೇಕೆನಿಸಲಿಲ್ಲ.

ಅವನ ಗುಡಿಸಲ ಕೆಮ್ಮಣ್ಣಿನ ಗೋಡೆಯ ಮೇಲೆ
ಸುಣ್ಣದಲ್ಲಿ ಒಂದು ಕೊಡೆ, ಒಂದು ಹಾಲಿನ ಕ್ಯಾನು, ಕತ್ತರಿ, ಬ್ಯಾಗು.
ಕೆಳಗೆ ಸಾಲುಸಾಲು ಚುಕ್ಕಿ.
ಮೊಮ್ಮಕ್ಕಳ ಗೀಚಾಟ ಅಂದುಕೊಂಡಿದ್ದೆ.

ಕಾರ್ತಿಕದ ಗುರುವಾರ, ಸಂಜೆ, ವಾಪಸು ಬರುವಾಗ
ನೋಟು ಚಾಚಿದರೆ ಕೈ ಹಿಂದಕ್ಕೆ ಕಟ್ಟಿಕೊಂಡ.
'ನಿಮ್ ಚುಕ್ಕಿ ಕಿಟಕಿಗಂಟ ಬಂತು ಸಾ. ಇವತ್ತು ಕಾಸಿಲ್ಲ, ಕೂತ್ಕಳಿ.'
'ಕಿಟಕಿಗಂಟ ಬಂದ್ರೆ ಏನು?'
'ಏನಿಲ್ಲ. ಕಿಟಕಿ ಮ್ಯಾಲೆ ಸುಣ್ಣ ನಿಲ್ಲಕಿಲ್ಲ.'

ಅವತ್ತು ನಾನೊಬ್ಬನೇ. ನಡುಹೊಳೆಯಲ್ಲಿ
ಹುಟ್ಟನ್ನು ಓರೆಗೆ ಹಿಡಿದು, ಹೇಳದೆ ಕೇಳದೆ,
ಪ್ಯಾಟೆಯವರು ದುಡ್ಡು ಕೊಟ್ಟು ಆಡಿಸಿಕೊಳ್ಳುವ ಆಟ
ಶುರು ಹಚ್ಚಿದ. ಗಿರ್ರನೆ
ಗುಂಜಾನರಸಿಂಹನ ಗೋಪುರ ಬಂತು, ಮರಳು ಬಂತು, ಅತ್ತಿಮರ ಬಂತು,
ಮತ್ತೆ ಗೋಪುರ, ಮರಳು, ಅತ್ತಿ,
ಆಮೇಲೆ ಮೂರೂ ಕಲೆಸಿ ಒಂದೇ ಹಿಟ್ಟು.
ಐವತ್ತಾರು ವರ್ಷದವನು, ಊರಿನವರ ಎಂಟು ಸಾವಿರ ಎದೆಗವುಚಿ
ಕಿರುಚಿದೆನೋ ನಕ್ಕೆನೋ,
ಬಟ್ಟೆ ಸೆಣೆಯುತ್ತಿದ್ದ ಹೆಂಗಸರು ಎದ್ದು ನಿಂತರು.

ಹರಿಗೋಲು ನಿಂತಾಗ ತಲೆ ಇನ್ನೂ ತಿರುಗುತ್ತಿತ್ತು.
ದಡದಲ್ಲಿ ಬೋರಲು ಬಿದ್ದ ಇನ್ನೊಂದು ಹರಿಗೋಲು,
ಮೈತುಂಬ ಮೀನಿನ ಪೊರೆ, ಬಿಸಿಲಿಗೆ ಹೊಸ ಚಿಲ್ಲರೆಯ ಹಾಗೆ.
ಆಗ ಹೊಳೆಯಿತು: ಇದು ಬರೀ ಬಿದಿರು, ಬರೀ ನೀರು ನಾರುತ್ತದೆ.
'ಬಲೆಗೆ ಅದು ಬ್ಯಾರೆ ಮಡಗಿದ್ಯಾ?'
'ಮೊದ್ಲನೇ ದಿನ ಮೂಗಿಗೆ ಕರ್ಚೀಪು ಹಿಡ್ದಿದ್ರಲ್ಲ ಸಾ.'

ಚುಚ್ಚಿದ ಹಾಗಿರಲಿಲ್ಲ ದನಿ.
ಪಾಸ್‌ಬುಕ್ಕಿನ ಒಂದು ಸಾಲು ಓದಿದ ಹಾಗಿತ್ತು.
ಆ ಕರ್ಚೀಪು, ಅದೇ ನೀಲಿ ಅಂಚಿನದು,
ಜೇಬಿನಲ್ಲಿತ್ತು.

ರಾತ್ರಿ ಷಡ್ಡಕನಿಗೆ ಫೋನು ಮಾಡಿದೆ.
'ಹಡಗನ್ನ ಗಿರಗಿರ ತಿರುಗಿಸ್ತಾರೇನಪ್ಪ, ಕಾರ್ಡಿದ್ದರೆ?'
'ತಲೆ ಕೆಟ್ಟಿದೆಯೇನಯ್ಯ, ಸಾವಿರ ಜನ ಇರ್ತಾರೆ' ಅಂದ.
ಕರ್ಚೀಪಿನ ವಿಷಯ ಅವನಿಗೆ ಹೇಳಲಿಲ್ಲ.
ಹೆಂಡತಿಗೂ.

ಮಾರನೆ ದಿನ ಇಪ್ಪತ್ತು ಕೊಟ್ಟು 'ಇರಲಿ' ಅಂದೆ.
ಸೊಂಟದ ಚೀಲ ತಡಕಿ ಹತ್ತು ವಾಪಸು ಕೊಟ್ಟ.
ಕಿಟಕಿಯ ಆ ಬದಿಗೆ ಹೊಸದೊಂದು ಬ್ಯಾಗು ಬರೆದಿದ್ದ.
ಈ ಸಲ ಅದಕ್ಕೆ ಎರಡು ಕಾಲು.
ಕೆಳಗೆ ಒಂದೇ ಚುಕ್ಕಿ,
ಇನ್ನೂ ಹಸಿ.